ನಾಳೆಯ ಸೀನ್ ಪೇಪರ್ ಇವತ್ತು ರಾತ್ರಿಯೇ ಕೊಡಿ

ಧಾರಾವಾಹಿ ನಿರ್ಮಾಪಕರಿಗೆ, ನಿರ್ದೇಶಕರಿಗೆ, ವಾಹಿನಿಯವರಿಗೆ, ಮತ್ತು ಸಿನಿ ಹಾಗೂ ಸಾಂಸ್ಕೃತಿಕ ಕಾರ್ಯಕರ್ತರ ಕಲ್ಯಾಣದ ಕೆಲಸ ನೋಡುವ ಕಾರ್ಮಿಕ ಇಲಾಖೆಯವರಿಗೆ,

ನಮಸ್ಕಾರ.

ನಾನು ಧಾರಾವಾಹಿಗಳಲ್ಲಿ ಅಮ್ಮನ ಪಾತ್ರ ಮಾಡುವವಳು. ಒಮ್ಮೊಮ್ಮೆ ಅತ್ತೆ, ಒಮ್ಮೊಮ್ಮೆ ಪಕ್ಕದ ಮನೆ ಆಂಟಿ. ನನಗೀಗ 44 ವರ್ಷ. ಮೊದಲ ಸಲ ಕ್ಯಾಮೆರಾ ಮುಂದೆ ನಿಂತಾಗ 38. ನನಗಿಂತ ಬರೀ ಎಂಟು ವರ್ಷ ಚಿಕ್ಕವರಾದ ಹೀರೋಗೆ ನಾನು ತಾಯಿಯಾಗಿದ್ದೇನೆ. ಅದರ ಬಗ್ಗೆ ನನಗೆ ಬೇಸರವಿಲ್ಲ. ಮನೆಯಲ್ಲಿ ನನ್ನವೇ ಎರಡು ಮಕ್ಕಳಿವೆ. ಮಗಳಿಗೆ 14, ಮಗನಿಗೆ 10. ಮಗನಿಗೂ ನನಗೂ ಎಡಿಎಚ್‌ಡಿ ಇದೆ. ಅಂದರೆ ಗಮನವನ್ನು ಬೇಕಾದ ಕಡೆ ನಿಲ್ಲಿಸಲು ಕಷ್ಟವಾಗುವ ಸ್ಥಿತಿ. ಅವನಿಗೆ 7 ವರ್ಷ ಇದ್ದಾಗ ಗೊತ್ತಾಯಿತು. ಅದಾಗಿ ಎರಡು ತಿಂಗಳಿಗೆ ನನಗೂ ಇದೆ ಅಂತ ಡಾಕ್ಟರ್ ಹೇಳಿದರು.

ನಾನು ಕೇಳುತ್ತಿರುವುದು ಮುಖ್ಯವಾಗಿ ಒಂದೇ. ನಾಳೆ ನಾನು ಮಾಡಬೇಕಾದ ಸೀನಿನ ಪೇಪರ್, ಅಂದರೆ ಸಂಭಾಷಣೆ ಬರೆದ ಹಾಳೆ, ಇವತ್ತು ರಾತ್ರಿ ನನ್ನ ಕೈಗೆ ಸಿಗಬೇಕು. ಇಷ್ಟಕ್ಕೆಲ್ಲ ಬಹಿರಂಗ ಪತ್ರ ಯಾಕೆ ಅಂತ ನಿಮಗೆ ಅನ್ನಿಸಬಹುದು. ಆರು ವರ್ಷದಿಂದ ಬಾಯಲ್ಲಿ ಕೇಳುತ್ತಲೇ ಇದ್ದೇನೆ. ಕೇಳಿದಾಗೆಲ್ಲ "ನೋಡೋಣ ಅಕ್ಕಾ" ಅಂತಾರೆ. ಅದಕ್ಕೇ ಈಗ ಬರೆಯುತ್ತಿದ್ದೇನೆ.

ಸೆಟ್ ನೋಡದವರಿಗಾಗಿ ಸ್ವಲ್ಪ ವಿವರಿಸುತ್ತೇನೆ. ಬೆಳಿಗ್ಗೆ ಏಳಕ್ಕೆ ಬನ್ನಿ ಅಂತ ಮ್ಯಾನೇಜರ್ ಫೋನ್ ಮಾಡಿರುತ್ತಾರೆ. ಹೋಗಿ ಮೇಕಪ್ ಮಾಡಿಸಿಕೊಂಡು, ಸೀರೆ ಉಟ್ಟು ಕೂರುತ್ತೇವೆ. ಯಾವ ಸೀನ್ ಅಂತ ಆಗಲೂ ಗೊತ್ತಿರುವುದಿಲ್ಲ. ಹತ್ತು ಗಂಟೆ ಹೊತ್ತಿಗೆ ಪೇಪರ್ ಬರುತ್ತದೆ. ನಾಲ್ಕು ಪುಟವೋ ಆರು ಪುಟವೋ ಇರುತ್ತದೆ. ಲೈಟಿಂಗ್ ಆಗುವಷ್ಟರಲ್ಲಿ ಓದಿಕೊಳ್ಳಬೇಕು. ಆಮೇಲೆ ಪ್ರಾಂಪ್ಟಿಂಗ್. ಕ್ಯಾಮೆರಾ ಪಕ್ಕದಲ್ಲಿ ಅಸಿಸ್ಟೆಂಟ್ ಡೈರೆಕ್ಟರ್ ನಿಂತು ಒಂದೊಂದೇ ಸಾಲು ಹೇಳಿಕೊಡುತ್ತಾರೆ, ನಾವು ಕೇಳಿಸಿಕೊಂಡು ಅಭಿನಯಿಸುತ್ತೇವೆ. ಇದರಲ್ಲಿ ಪಳಗಿದವರು ಎಷ್ಟೋ ಜನ ಇದ್ದಾರೆ. ಅವರ ಕಿವಿ ಒಂದು ಕಡೆ, ಕಣ್ಣು ಒಂದು ಕಡೆ, ಮುಖದ ಭಾವ ಇನ್ನೊಂದು ಕಡೆ ಕೆಲಸ ಮಾಡುತ್ತಿರುತ್ತದೆ. ಅವರನ್ನು ನೋಡಿದರೆ ನನಗೆ ಈಗಲೂ ಕೈ ಮುಗಿಯಬೇಕು ಅನ್ನಿಸುತ್ತದೆ.

ನನಗೆ ಅದು ಆಗುವುದಿಲ್ಲ. ಪ್ರಾಂಪ್ಟ್ ಮಾಡುವವರ ದನಿ ಕಿವಿಗೆ ಬೀಳುತ್ತದೆ. ಅದೇ ಕಿವಿಗೆ ಜನರೇಟರ್ ಸದ್ದು ಬೀಳುತ್ತದೆ, ಹೊರಗೆ ಪಾತ್ರೆ ತೊಳೆಯುವ ಸದ್ದು ಬೀಳುತ್ತದೆ, ಯಾರೋ ಮೆಲ್ಲಗೆ ಫೋನಲ್ಲಿ ಮಾತಾಡುವುದೂ ಬೀಳುತ್ತದೆ. ಎಲ್ಲವೂ ಒಂದೇ ಜೋರಿನಲ್ಲಿ. ಬೇಕಾದ್ದನ್ನು ಇಟ್ಟುಕೊಂಡು ಬೇಡದ್ದನ್ನು ತಳ್ಳಬೇಕಾದ ಜರಡಿ ನನ್ನ ತಲೆಯಲ್ಲಿ ಸರಿಯಾಗಿ ಕೆಲಸ ಮಾಡುವುದಿಲ್ಲ. ಎಡಿಎಚ್‌ಡಿ ಅಂದರೆ ಗಮನದ ಕೊರತೆ ಅಂತ ಎಲ್ಲರೂ ಅರ್ಥ ಹೇಳುತ್ತಾರೆ. ನನಗೆ ಗಮನಕ್ಕೆ ಬರ ಇಲ್ಲ. ಅದು ಜಾಸ್ತಿಯೇ ಇದೆ. ಎಲ್ಲಿ ನಿಲ್ಲು ಅಂತ ಹೇಳುತ್ತೇನೋ ಅಲ್ಲಿ ನಿಲ್ಲುವುದಿಲ್ಲ, ಅಷ್ಟೇ.

ಎರಡು ವರ್ಷದ ಹಿಂದೆ ಒಂದು ಸೆಟ್ಟಿನಲ್ಲಿ ಮದುವೆ ಮನೆ ಸೀನ್ ಇತ್ತು. ಯಾವ ಧಾರಾವಾಹಿ, ಯಾರು ಅಂತ ಹೇಳುವುದಿಲ್ಲ. ಹದಿನಾಲ್ಕು ಜನ ಕಲಾವಿದರು ಒಂದೇ ಫ್ರೇಮಿನಲ್ಲಿ. ನನ್ನ ಮಾತು ಅರ್ಧ ಪುಟ. ಅದು ಎರಡು ಸಲ ಬದಲಾಯಿತು, ಎರಡೂ ಸಲ ಬಾಯಲ್ಲೇ ಹೇಳಿದರು. ಮಧ್ಯೆ ಮಗನ ಶಾಲೆಯಿಂದ ಫೋನ್ ಬಂದಿತ್ತು. ಅವತ್ತು ಹನ್ನೊಂದು ಟೇಕ್ ಆಯಿತು. ಹನ್ನೊಂದನೆಯದರಲ್ಲೂ ನಾನು ಹಳೆಯ ಸಾಲನ್ನೇ ಹೇಳಿದೆ. "ಮನೇಲಿ ಅಡುಗೆ ಮಾಡ್ಕೊಂಡು ಇರೋದು ಬಿಟ್ಟು ಈ ವಯಸ್ಸಲ್ಲಿ ಯಾಕಮ್ಮ ಬರ್ತೀರಾ" ಅಂತ ನಿರ್ದೇಶಕರು ಮೈಕಿನಲ್ಲೇ ಕೇಳಿದರು. ಅರವತ್ತು ಜನ ಇದ್ದರು. ನನ್ನ ಮಗನಾಗಿ ನಟಿಸುತ್ತಿದ್ದ ಹುಡುಗ ತಲೆ ತಗ್ಗಿಸಿದ. ಮುಂದಿನ ವಾರ ನನ್ನ ಪಾತ್ರವನ್ನು ಮಗಳ ಬಾಣಂತನಕ್ಕೆ ಅಂತ ಮೈಸೂರಿಗೆ ಕಳಿಸಿದರು. ಆ ಪಾತ್ರ ವಾಪಸ್ ಬರಲೇ ಇಲ್ಲ.

ಈಗ ಇನ್ನೊಂದು ಜಾಗದ ವಿಷಯ ಹೇಳುತ್ತೇನೆ. ನಾನು ನಟನೆ ಕಲಿತದ್ದು ಹವ್ಯಾಸಿ ರಂಗತಂಡವೊಂದರಲ್ಲಿ. ಹನುಮಂತನಗರದ ಕೆ.ಎಚ್. ಕಲಾಸೌಧದಲ್ಲಿ ನಾಟಕ ನೋಡಲು ಹೋದವಳು, ಮುಗಿದ ಮೇಲೆ ಧೈರ್ಯ ಮಾಡಿ ತಂಡದವರ ಹತ್ತಿರ ಮಾತಾಡಿದೆ. ಶನಿವಾರ, ಭಾನುವಾರ ತಾಲೀಮು. ಎರಡೂವರೆ ತಿಂಗಳು ಒಂದೇ ನಾಟಕ. ಮೊದಲ ದಿನವೇ ಕೈಗೆ ಪೂರ್ತಿ ನಾಟಕದ ಪ್ರತಿ. ಕುಳಿತು ಓದುವುದು, ನಿಂತು ಓದುವುದು, ಆಮೇಲೆ ನಡೆಯುತ್ತಾ ಮಾತಾಡುವುದು. ಇಲ್ಲಿಂದ ಮೂರು ಹೆಜ್ಜೆ, ಕೊಡ ಇಳಿಸು, ತಿರುಗು, ಆಗ ಈ ಮಾತು. ಹೀಗೆ ಕಲಿತ ಮಾತು ನನ್ನ ಮೈಯೊಳಗೆ ಕೂರುತ್ತದೆ. ಆರು ವರ್ಷದ ಹಿಂದಿನ ಆ ಪಾತ್ರದ ಮಾತನ್ನು ಈಗ ಕೇಳಿದರೂ ಕೊಡ ಇಳಿಸುವಂತೆ ಕೈ ಆಡಿಸಿಕೊಂಡು ಪೂರ್ತಿ ಹೇಳುತ್ತೇನೆ.

ಜೆ.ಪಿ. ನಗರದ ರಂಗಶಂಕರ ನಿಮಗೆಲ್ಲ ಗೊತ್ತು. 2004ರಲ್ಲಿ ಶುರುವಾದಾಗಿನಿಂದ ಅಲ್ಲಿ ಒಂದು ಶಿಸ್ತು ಇದೆ. ನಾಟಕ ಹೇಳಿದ ಹೊತ್ತಿಗೇ ಶುರು. ತಡವಾಗಿ ಬಂದರೆ ಯಾರೇ ಆಗಲಿ ಒಳಗೆ ಬಿಡುವುದಿಲ್ಲ. ಅಲ್ಲಿ ನಾವು ಆರು ಪ್ರದರ್ಶನ ಮಾಡಿದ್ದೇವೆ. ಒಂದು ಸಲವೂ ನಾನು ತಡ ಮಾಡಿಲ್ಲ, ಒಂದು ಸಾಲೂ ತಪ್ಪಿಲ್ಲ. ಗ್ಯಾಸ್ ಮೇಲೆ ಹಾಲಿಟ್ಟು ಮರೆಯುವವಳು, ವಿದ್ಯುತ್ ಬಿಲ್ ಕಟ್ಟಲು ಮರೆತು ದಂಡ ಕಟ್ಟುವವಳು, ಮೈಕಿನಲ್ಲಿ ಬೈಸಿಕೊಂಡವಳು, ಎಲ್ಲ ನಾನೇ. ಅಲ್ಲಿಗೂ ಇಲ್ಲಿಗೂ ನನ್ನ ತಲೆ ಬದಲಾಗಿಲ್ಲ. ಕೆಲಸ ಜೋಡಿಸಿರುವ ರೀತಿ ಬೇರೆ. ಇದನ್ನು ದಯವಿಟ್ಟು ಒಂದು ನಿಮಿಷ ಯೋಚಿಸಿ.

ಇಷ್ಟು ತಡವಾಗಿ ಯಾಕೆ ಬಂದಿರಿ ಅಂತ ಸಂದರ್ಶನಗಳಲ್ಲಿ ಕೇಳುತ್ತಾರೆ. ಮದುವೆ, ಮಕ್ಕಳು ಅಂತ ಹೇಳಿ ಮುಗಿಸುತ್ತಿದ್ದೆ. ಅದು ಅರ್ಧ ನಿಜ. ನಾನು ಹುಟ್ಟಿದ್ದು ತಿಪಟೂರಿನ ಹತ್ತಿರ. ಅಪ್ಪನದು ಕೊಬ್ಬರಿ ವ್ಯಾಪಾರ. ಗುಬ್ಬಿ ವೀರಣ್ಣನವರ ಊರು ನಮಗೆ ದೂರವಲ್ಲ. ಜಾತ್ರೆಯಲ್ಲಿ ಕಂಪನಿ ನಾಟಕ ಬಂದರೆ ಅಜ್ಜಿಯ ಮಡಿಲಲ್ಲಿ ಕೂತು ಬೆಳಗಿನವರೆಗೂ ನೋಡುತ್ತಿದ್ದೆ. ನಿದ್ದೆ ಬರುತ್ತಿರಲಿಲ್ಲ. 21ನೇ ವಯಸ್ಸಿನಲ್ಲಿ ಹೆಗ್ಗೋಡಿನ ನೀನಾಸಂ ರಂಗಶಿಕ್ಷಣ ಕೇಂದ್ರಕ್ಕೆ ಅರ್ಜಿ ತುಂಬಿದ್ದೆ. ಅಪ್ಪ ಬೇಡ ಅನ್ನಲಿಲ್ಲ. "ಹೋಗೋದಾದ್ರೆ ಹೋಗು" ಅಂದಿದ್ದರು. ಅರ್ಜಿ ತುಂಬಿ, ಫೋಟೋ ಅಂಟಿಸಿ, ಕವರಿನೊಳಗೆ ಹಾಕಿ ಮೇಜಿನ ಖಾನೆಯಲ್ಲಿಟ್ಟೆ. ನಾಳೆ ಅಂಚೆಗೆ ಹಾಕೋಣ ಅಂದುಕೊಂಡೆ. ದಸರಾಕ್ಕೆ ಮನೆ ಗುಡಿಸುವಾಗ ಆ ಕವರು ಸಿಕ್ಕಿತು. ಕೊನೆಯ ದಿನ ಮುಗಿದು ತಿಂಗಳುಗಳೇ ಆಗಿದ್ದವು. ಅಮ್ಮ ಏನೂ ಹೇಳದೆ ಕವರನ್ನು ನನ್ನ ಕೈಗಿಟ್ಟಳು. ಆವತ್ತು ನಾನು ಸೋಮಾರಿ ಅಂತ ನನಗೆ ನಾನೇ ತೀರ್ಮಾನ ಮಾಡಿದೆ. ಆ ತೀರ್ಮಾನ ಇಪ್ಪತ್ತು ವರ್ಷ ನನ್ನ ಜೊತೆಗಿತ್ತು. ಬಿ.ಕಾಂ. ಮುಗಿಸಿ ನಾಲ್ಕು ಕಡೆ ಲೆಕ್ಕಪತ್ರದ ಕೆಲಸ ಮಾಡಿದೆ, ನಾಲ್ಕನ್ನೂ ಬಿಟ್ಟೆ. "ನಿಂತ ಕಡೆ ನಿಲ್ಲಲ್ಲ ಇವಳು" ಅಂತ ನೆಂಟರು ಅಂದರು. ನನಗೂ ಹಾಗೇ ಅನ್ನಿಸಿತ್ತು.

ಮಗನ ವಿಷಯಕ್ಕೆ ಬರುತ್ತೇನೆ. ಎರಡನೇ ಕ್ಲಾಸಿನಲ್ಲಿ ಅವನ ಟೀಚರ್ ನನ್ನನ್ನು ಕರೆಸಿ, "ಹುಡುಗ ಚುರುಕು ಇದ್ದಾನೆ, ಒಂದು ಸಲ ತೋರಿಸಿ ನೋಡಿ" ಅಂದರು. ಬೈಯದೆ ಹೇಳಿದ ಆ ಟೀಚರಿಗೆ ನಾನು ಯಾವತ್ತೂ ಋಣಿ. ಮಕ್ಕಳ ಮನೋವೈದ್ಯರ ಹತ್ತಿರ ಹೋದೆವು. ಶಾಲೆಗೆ ಒಂದು ಫಾರಂ, ಮನೆಗೆ ಒಂದು ಫಾರಂ ಕೊಟ್ಟರು. ವಸ್ತು ಕಳೆದುಕೊಳ್ಳುತ್ತಾನಾ, ಹೇಳಿದ್ದು ಅರ್ಧಕ್ಕೇ ಮರೆಯುತ್ತಾನಾ, ಸರದಿಗೆ ಕಾಯುತ್ತಾನಾ ಅಂತೆಲ್ಲ. ಎಲ್ಲ ಮುಗಿದ ಮೇಲೆ ಡಾಕ್ಟರ್ ಕೇಳಿದರು, "ಮನೇಲಿ ಬೇರೆ ಯಾರಾದ್ರೂ ಹೀಗೇ ಇದ್ದಾರಾ?" ನನ್ನ ಗಂಡ ಮೆಲ್ಲಗೆ ನನ್ನ ಕಡೆ ತಿರುಗಿದರು. ಆ ನೋಟದಲ್ಲಿ ದೂರು ಇರಲಿಲ್ಲ. ಹನ್ನೆರಡು ವರ್ಷದಿಂದ ನನ್ನ ಕನ್ನಡಕ, ಬೀಗದ ಕೈ, ಆಧಾರ್ ಕಾರ್ಡ್ ಹುಡುಕಿಕೊಟ್ಟವರು ಅವರು.

ಇದು ರಕ್ತದಲ್ಲೇ ಬರುವುದು ಜಾಸ್ತಿ ಅಂತ ಆಗ ತಿಳಿಯಿತು. ಅವಳಿ ಮಕ್ಕಳನ್ನು ನೋಡಿ ಮಾಡಿದ ಅಧ್ಯಯನಗಳ ಪ್ರಕಾರ ಎಡಿಎಚ್‌ಡಿಯಲ್ಲಿ ವಂಶವಾಹಿಗಳ ಪಾಲು ನೂರಕ್ಕೆ ಸುಮಾರು 70ರಿಂದ 80. ದೊಡ್ಡವರಿಗೆ ಪತ್ತೆ ಮಾಡುವಾಗಲೂ ಡಾಕ್ಟರು ಬಾಲ್ಯವನ್ನು ಕೇಳುತ್ತಾರೆ. ಲಕ್ಷಣಗಳು 12 ವರ್ಷಕ್ಕೆ ಮುಂಚೆಯೇ ಇದ್ದಿರಬೇಕು ಅನ್ನುವುದು ಈಗಿನ ನಿಯಮ. ಅದಕ್ಕೆ ಅಮ್ಮನಿಗೆ ಫೋನ್ ಮಾಡಿ ನನ್ನ ಹಳೆಯ ಮಾರ್ಕ್ಸ್ ಕಾರ್ಡ್ ಇದೆಯಾ ಅಂತ ಕೇಳಿದೆ. ಟ್ರಂಕಿನಲ್ಲಿ ಇತ್ತು. ಐದನೇ ಕ್ಲಾಸಿನ ಕಾರ್ಡಿನಲ್ಲಿ ನೀಲಿ ಶಾಯಿಯಲ್ಲಿ ಬರೆದಿದ್ದರು: "ಬುದ್ಧಿ ಇದೆ. ಗಮನ ಸಾಲದು. ಕಿಟಕಿ ಪಕ್ಕ ಕೂರಿಸಬಾರದು." ಅಮ್ಮ ಫೋನಿನಲ್ಲಿ ಅದನ್ನು ಓದಿ ಸುಮ್ಮನಾದಳು. ಆಮೇಲೆ, "ನಂಗೆ ಗೊತ್ತಿರ್ಲಿಲ್ಲ ಕಣೇ, ಸುಮ್ನೆ ಹೊಡೀತಿದ್ದೆ" ಅಂದಳು. ಅವಳು ಅಳುತ್ತಿದ್ದಳು. ನಾನೂ ಅತ್ತೆ. ಓಡಾಡಿ ಗಲಾಟೆ ಮಾಡುವ ಗಂಡು ಮಕ್ಕಳು ಬೇಗ ಕಣ್ಣಿಗೆ ಬೀಳುತ್ತಾರೆ. ಕಿಟಕಿಯಾಚೆ ನೋಡುತ್ತಾ ಕೂರುವ ಹೆಣ್ಣು ಮಕ್ಕಳು ಯಾರ ಲೆಕ್ಕಕ್ಕೂ ಸಿಗದೆ ದೊಡ್ಡವರಾಗಿಬಿಡುತ್ತಾರೆ.

2024ರ ಮೇ ತಿಂಗಳಲ್ಲಿ ಮಲಯಾಳಂ ನಟ ಫಹಾದ್ ಫಾಸಿಲ್ ಕೇರಳದ ಕೋತಮಂಗಲಂನಲ್ಲಿ ಮಕ್ಕಳ ಕೇಂದ್ರವೊಂದರ ಕಾರ್ಯಕ್ರಮಕ್ಕೆ ಹೋಗಿದ್ದರು. ತಮಗೆ 41ನೇ ವಯಸ್ಸಿನಲ್ಲಿ ಎಡಿಎಚ್‌ಡಿ ಪತ್ತೆಯಾಯಿತು ಅಂತ ಅಲ್ಲಿ ಎಲ್ಲರ ಮುಂದೆ ಹೇಳಿದರು. ಅದೇ ವರ್ಷ ಆಲಿಯಾ ಭಟ್ ಕೂಡ ಹೇಳಿಕೊಂಡರು. ನನಗೂ ಗೊತ್ತಾಗಿದ್ದು 41ಕ್ಕೇ. ಫಹಾದ್ ಸುದ್ದಿ ಬಂದ ದಿನ ತಿಪಟೂರಿನಿಂದ ಅಪ್ಪ ಫೋನ್ ಮಾಡಿ, "ಆ ನಟನಿಗೂ ನಿಂದೇ ಅಂತೆ ಕಣಮ್ಮ" ಅಂದರು. ಅವರ ದನಿಯಲ್ಲಿ ಏನೋ ಒಂದು ಭಾರ ಇಳಿದಂತೆ ಇತ್ತು. ಆ ಇಬ್ಬರಿಗೂ ನಾನು ಮನಸಾರೆ ಕೃತಜ್ಞಳು. ಆದರೆ ದೊಡ್ಡ ನಟರಿಗಾಗಿ ಶಾಟ್ ಕಾಯುತ್ತದೆ. ದಿನದ ಲೆಕ್ಕದಲ್ಲಿ ದುಡಿಯುವ ನಮ್ಮಂಥವರು ಇದನ್ನು ಬಾಯಿಬಿಟ್ಟು ಹೇಳಿದರೆ ನಾಳೆ ಮ್ಯಾನೇಜರ್ ಫೋನ್ ಬರುವುದಿಲ್ಲ. ಈ ಪತ್ರಕ್ಕೆ ನಾನು ಹೆಸರು ಹಾಕದೆ ಇರುವುದಕ್ಕೆ ಅದೇ ಕಾರಣ. ಮಗನ ಶಾಲೆಯಲ್ಲಿ ಅವನ ಸ್ನೇಹಿತರ ಬಾಯಿಗೆ ಇದು ಬೀಳಬಾರದು ಅನ್ನುವುದು ಇನ್ನೊಂದು. ಅವನು ದೊಡ್ಡವನಾದ ಮೇಲೆ ಹೇಳಬೇಕಾ ಬೇಡವಾ ಅಂತ ಅವನೇ ನಿರ್ಧರಿಸಲಿ.

ನಮ್ಮ ಮನೆಯ ಬೆಳಗು ಹೇಗಿರುತ್ತದೆ ಅಂತ ಹೇಳದಿದ್ದರೆ ಈ ಪತ್ರ ಪೂರ್ತಿಯಾಗುವುದಿಲ್ಲ. ಅಡುಗೆಮನೆ ಗೋಡೆಗೆ ಒಂದು ಬಿಳಿ ಹಲಗೆ ಇದೆ. ಹಲ್ಲುಜ್ಜು, ಮಾತ್ರೆ, ತಿಂಡಿ, ನೀರಿನ ಬಾಟಲಿ, ಡೈರಿ, ಶೂ. ಮಗ ಒಂದೊಂದು ಮುಗಿದಂತೆ ಅಳಿಸುತ್ತಾನೆ. ಪಕ್ಕದಲ್ಲಿ ನನ್ನ ಪಟ್ಟಿ. ಗ್ಯಾಸ್, ಗೀಸರ್, ಮಾತ್ರೆ, ಫೋನ್, ಕನ್ನಡಕ, ಸೆಟ್ಟಿನ ಬ್ಯಾಗ್. ಆಸ್ಪತ್ರೆಯಲ್ಲಿ ತಂದೆತಾಯಿಗೆ ಅಂತಲೇ ಎಂಟು ವಾರ ಕಲಿಸಿದರು. ಒಂದು ಸಲಕ್ಕೆ ಒಂದೇ ಮಾತು ಹೇಳಿ. ಹತ್ತಿರ ಹೋಗಿ, ಮುಖ ನೋಡಿ ಹೇಳಿ. ಇನ್ನೊಂದು ರೂಮಿನಿಂದ ಕೂಗಬೇಡಿ. ಮಾಡಿದ ತಕ್ಷಣ ಮೆಚ್ಚಿ, ಸಂಜೆಗೆ ಇಟ್ಟುಕೊಳ್ಳಬೇಡಿ. ಕೇಳಲು ಸುಲಭ. ನನ್ನ ತಲೆಯೇ ಹತ್ತು ಕಡೆ ಓಡುತ್ತಿರುವಾಗ ಅವನ ಮುಂದೆ ಮಂಡಿಯೂರಿ ಕೂತು, "ಈಗ ಶೂ" ಅಂತ ಒಂದೇ ಮಾತು ಹೇಳುವುದು ಎಷ್ಟು ಕಷ್ಟ ಅಂತ ನನಗೇ ಗೊತ್ತು. ಕೆಲವು ದಿನ ಕೂಗಿಬಿಡುತ್ತೇನೆ. ಅವನ ಮುಖ ನೋಡಿದರೆ ಐದನೇ ಕ್ಲಾಸಿನ ನಾನೇ ಅಲ್ಲಿ ನಿಂತಿರುತ್ತೇನೆ. ತಕ್ಷಣ ಕ್ಷಮೆ ಕೇಳುತ್ತೇನೆ. ನಮ್ಮ ಮನೆಯಲ್ಲಿ ದೊಡ್ಡವರೂ ಕ್ಷಮೆ ಕೇಳುತ್ತಾರೆ. ಅದನ್ನು ನಾನು ಬಿಡುವುದಿಲ್ಲ.

ಮಗಳ ವಿಷಯವನ್ನೂ ಹೇಳಬೇಕು. ಅವಳಿಗೆ ಎಡಿಎಚ್‌ಡಿ ಇಲ್ಲ. ಹೋದ ವರ್ಷ ಒಂದು ರಾತ್ರಿ ಬಂದು, "ಅಮ್ಮ, ಅವ್ನು ಮರೆತ್ರೆ ಎಡಿಎಚ್‌ಡಿ. ನಾನು ಮರೆತ್ರೆ ಬೈಗುಳ" ಅಂದಳು. ನನಗೆ ಉತ್ತರ ಹೊಳೆಯಲಿಲ್ಲ. ಅವಳು ಹೇಳಿದ್ದು ಸರಿ ಇತ್ತು. ಈಗ ಭಾನುವಾರ ಸಂಜೆ ಒಂದು ಗಂಟೆ ಅವಳದು. ನಾವಿಬ್ಬರೇ ಲಾಲ್‌ಬಾಗಿಗೆ ಹೋಗುತ್ತೇವೆ. ಫೋನ್ ಮನೆಯಲ್ಲಿ. ಶೂಟಿಂಗ್ ಬಂದರೆ ಅದು ತಪ್ಪುತ್ತದೆ. ಶೂಟಿಂಗ್ ಇದೆಯಾ ಇಲ್ಲವಾ ಅಂತ ಶನಿವಾರ ರಾತ್ರಿಯವರೆಗೂ ನನಗೆ ಗೊತ್ತಿರುವುದಿಲ್ಲ.

ಮಾತ್ರೆಯ ಬಗ್ಗೆ ಎರಡು ಮಾತು. ನಾವಿಬ್ಬರೂ ತೆಗೆದುಕೊಳ್ಳುವುದು ಮೀಥೈಲ್‌ಫೆನಿಡೇಟ್. ಅದು ಮಾದಕ ವಸ್ತು ನಿಯಂತ್ರಣದ ಎನ್‌ಡಿಪಿಎಸ್ ಕಾಯ್ದೆಯ ಪಟ್ಟಿಯಲ್ಲಿ ಬರುವ ಔಷಧಿ. ಚೀಟಿ ಇಲ್ಲದೆ ಕೊಡುವುದಿಲ್ಲ, ಕೊಡಲೂಬಾರದು. ಎಲ್ಲ ಮೆಡಿಕಲ್ ಶಾಪಿನಲ್ಲೂ ಇಡುವುದಿಲ್ಲ. ಹೋದ ವರ್ಷ ಹೊರಾಂಗಣ ಚಿತ್ರೀಕರಣಕ್ಕೆ ಒಂದು ವಾರ ಸಕಲೇಶಪುರದ ಕಡೆ ಹೋಗಿದ್ದೆವು. ಅದು ಹತ್ತು ದಿನ ಆಯಿತು. ಮಾತ್ರೆ ಏಳು ದಿನಕ್ಕೆ ಮುಗಿಯಿತು. ಸಿಕ್ಕ ಅಂಗಡಿಯಲ್ಲೆಲ್ಲ ಕೇಳಿದೆ, ಸಿಗಲಿಲ್ಲ. ಆ ಮೂರು ದಿನ ನಾನು ಹೇಗೆ ಕೆಲಸ ಮಾಡಿದೆ ಅಂತ ನನಗೇ ನೆನಪಿಲ್ಲ. ಮಾತ್ರೆ ಎಲ್ಲವನ್ನೂ ಸರಿ ಮಾಡುವುದಿಲ್ಲ. ಕನ್ನಡಕ ಹಾಕಿದರೆ ಅಕ್ಷರ ಕಾಣುತ್ತದೆ, ಓದುವ ಕೆಲಸ ನಾವೇ ಮಾಡಬೇಕು. ಹಾಗೆ. ಓದಲು ಪೇಪರೇ ಇಲ್ಲದಿದ್ದರೆ ಕನ್ನಡಕ ಇದ್ದು ಏನು ಮಾಡಲಿ?

ಈಗ ನಿಮ್ಮ ಕಷ್ಟ. ಅದು ನನಗೆ ಅರ್ಥವಾಗುತ್ತದೆ. ಗುರುವಾರ ಟಿಆರ್‌ಪಿ ಬರುತ್ತದೆ. ನಂಬರ್ ಇಳಿದಿದ್ದರೆ ಆವತ್ತು ಸಂಜೆಯೇ ಕಥೆ ತಿರುಗುತ್ತದೆ. ಬರಹಗಾರರು ರಾತ್ರಿಯಿಡೀ ಕೂತು ಬರೆಯುತ್ತಾರೆ, ವಾಹಿನಿಯವರು ಒಪ್ಪಬೇಕು, ಅಷ್ಟರಲ್ಲಿ ಬೆಳಗಾಗಿರುತ್ತದೆ. ಬ್ಯಾಂಕಿಂಗ್ ಎಪಿಸೋಡ್, ಅಂದರೆ ಮುಂಚೆಯೇ ತೆಗೆದಿಟ್ಟ ಕಂತು, ಇರುವುದಿಲ್ಲ, ಇವತ್ತು ತೆಗೆದದ್ದು ನಾಡಿದ್ದು ಪ್ರಸಾರ. ಯಾರೂ ಬೇಕು ಅಂತ ತಡ ಮಾಡುವುದಿಲ್ಲ. ಆ ಬರಹಗಾರರಿಗೂ ಮನೆ ಇದೆ, ಮಕ್ಕಳಿವೆ.

ಅದಕ್ಕೇ ನಾನು ಸಂಭಾಷಣೆ ಪೂರ್ತಿ ಮುಗಿದಿರಬೇಕು ಅಂತ ಹಟ ಮಾಡುತ್ತಿಲ್ಲ. ಒನ್‌ಲೈನ್ ಆರ್ಡರ್, ಅಂದರೆ ಒಂದೊಂದು ಸಾಲಿನಲ್ಲಿ ಬರೆದ ಸೀನುಗಳ ಪಟ್ಟಿ, ಹೇಗೂ ನಿಮ್ಮ ಅಸೋಸಿಯೇಟ್ ಡೈರೆಕ್ಟರ್ ಹತ್ತಿರ ಇರುತ್ತದೆ. ಯಾವ ಸೀನ್, ಯಾರು ಯಾರು, ಯಾವ ಮನೆ, ಯಾವ ಸೀರೆ, ನಾನು ಅಳುತ್ತೇನಾ ಬೈಯುತ್ತೇನಾ. ಅಷ್ಟನ್ನು ರಾತ್ರಿ ಒಂಬತ್ತಕ್ಕೆ ವಾಟ್ಸ್ಆ್ಯಪ್ ಮಾಡಿ. ಬರೆದದ್ದು ಎಷ್ಟಿದೆಯೋ ಅಷ್ಟರ ಫೋಟೋ ಕಳಿಸಿ. ಸೆಟ್ಟಿನಲ್ಲಿ ಮಾತು ಬದಲಾದರೆ ಬದಲಾದ ಸಾಲನ್ನು ಪೇಪರಿನಲ್ಲಿ ಬರೆದು ಕೊಡಿ. ಬಾಯಲ್ಲಿ ಮಾತ್ರ ಹೇಳಬೇಡಿ. ಪ್ರಾಂಪ್ಟಿಂಗ್ ಮಾಡುವುದಾದರೆ ಒಂದು ಸೀನಿಗೆ ಒಬ್ಬರೇ ಮಾಡಲಿ, ಒಂದೇ ಜಾಗದಲ್ಲಿ ನಿಂತು ಮಾಡಲಿ. ಇದಕ್ಕೆಲ್ಲ ಒಂದು ರೂಪಾಯಿ ಖರ್ಚಿಲ್ಲ.

ಇದು ಆಗುತ್ತದೆ ಅಂತ ನಾನು ಕಣ್ಣಾರೆ ಕಂಡಿದ್ದೇನೆ. ಈಗ ಮಾಡುತ್ತಿರುವ ಧಾರಾವಾಹಿಯಲ್ಲಿ ಹೊಸದಾಗಿ ಬಂದ ಅಸೋಸಿಯೇಟ್ ಒಬ್ಬರಿಗೆ ನಾನು ವಿಷಯ ಹೇಳಿದೆ. ಇನ್ನೂ ಮೂವತ್ತು ತುಂಬದ ಹುಡುಗ. "ಅಷ್ಟೇನಾ ಅಕ್ಕಾ" ಅಂದ. ಅವತ್ತಿನಿಂದ ರಾತ್ರಿ ಫೋಟೋ ಬರುತ್ತಿದೆ. ನಾನು ಸೀನನ್ನು ನಾಟಕದ ಹಾಗೆ ಮೈಗೆ ಕಲಿಸುತ್ತೇನೆ. ಅಡುಗೆಮನೆಯಲ್ಲಿ ನಡೆಯುತ್ತಾ, ಚಪಾತಿ ಲಟ್ಟಿಸುತ್ತಾ ಮಾತು ಹೇಳಿಕೊಳ್ಳುತ್ತೇನೆ. ಮಗ ಎದುರಿನ ಪಾತ್ರದ ಸಾಲು ಓದುತ್ತಾನೆ. ಅವನಿಗೆ ಓದುವುದು ಅಂದರೆ ಆಗದು, ಆದರೆ ಇದನ್ನು ಓದುತ್ತಾನೆ. ವಿಲನ್ ಮಾತು ಬಂದರೆ ದನಿ ಬದಲಿಸುತ್ತಾನೆ. ಮೊನ್ನೆ ಐದು ಪುಟದ ಸೀನ್ ಎರಡನೇ ಟೇಕಿಗೆ ಓಕೆ ಆಯಿತು.

ಆಮೇಲೆ ಒಂದು ವಿಷಯ ಗಮನಿಸಿದೆ. ಫೋಟೋ ನನಗೆ ಮಾತ್ರ ಅಲ್ಲ, ಗ್ರೂಪಿಗೇ ಹೋಗುತ್ತಿತ್ತು. ನಮ್ಮಲ್ಲಿ ತಾತನ ಪಾತ್ರ ಮಾಡುವ ಹಿರಿಯರಿಗೆ 70 ದಾಟಿದೆ. ಅವರು ಅದನ್ನು ದೊಡ್ಡ ಅಕ್ಷರದಲ್ಲಿ ಪ್ರಿಂಟ್ ಹಾಕಿಸಿಕೊಂಡು ಬರಲು ಶುರು ಮಾಡಿದರು. "ಬೆಳಿಗ್ಗೆ ಎದೆ ಹೊಡ್ಕೊಳ್ಳೋದು ನಿಂತಿದೆ ಕಣಮ್ಮ" ಅಂದರು. ನಮ್ಮ ನಾಯಕಿ ತುಳು ಮನೆಮಾತಿನ ಹುಡುಗಿ. ಬೆಂಗಳೂರಿನ ಕನ್ನಡದ ಉಚ್ಚಾರಣೆ ಹಿಂದಿನ ರಾತ್ರಿಯೇ ಕೇಳಿಕೊಳ್ಳುತ್ತಾಳೆ. ಅವರಿಬ್ಬರಿಗೂ ಎಡಿಎಚ್‌ಡಿ ಇಲ್ಲ.

ಕಾರ್ಮಿಕ ಇಲಾಖೆಯವರಲ್ಲಿ ನನ್ನ ಮನವಿ ಬೇರೆ. 2024ರಲ್ಲಿ ನಮ್ಮ ರಾಜ್ಯ ಸರ್ಕಾರ ಸಿನಿ ಮತ್ತು ಸಾಂಸ್ಕೃತಿಕ ಕಾರ್ಯಕರ್ತರ ಸಾಮಾಜಿಕ ಭದ್ರತೆಗೆ ಅಂತಲೇ ಕಾನೂನು ತಂದಿತು. ಸಿನಿಮಾ ಟಿಕೆಟ್ ಮತ್ತು ಚಂದಾ ಹಣದ ಮೇಲೆ ನೂರಕ್ಕೆ 1ರಿಂದ 2ರಷ್ಟು ಸೆಸ್, ಅದರಿಂದ ಒಂದು ನಿಧಿ, ಅದನ್ನು ನೋಡಿಕೊಳ್ಳಲು ಒಂದು ಮಂಡಳಿ. ಈ ಸುದ್ದಿ ಓದಿದ ದಿನ ಮೇಕಪ್ ರೂಮಿನಲ್ಲಿ ನಾವೆಲ್ಲ ಸಂತೋಷಪಟ್ಟಿದ್ದೆವು. ಈ ನಿಧಿಯಿಂದ ಆರೋಗ್ಯದ ಯೋಜನೆ ಮಾಡುವಾಗ ಮನಸ್ಸಿನ ಆರೋಗ್ಯವನ್ನು ಮರೆಯಬೇಡಿ. ದೇಹದ ಕಾಯಿಲೆಗೆ ಇರುವಂತೆಯೇ ಮಾನಸಿಕ ಕಾಯಿಲೆಗೂ ವಿಮೆ ಇರಬೇಕು ಅಂತ 2017ರ ಮಾನಸಿಕ ಆರೋಗ್ಯ ಕಾಯ್ದೆಯೇ ಹೇಳುತ್ತದೆ. ನಮ್ಮದು ಆಸ್ಪತ್ರೆಗೆ ಸೇರುವ ಕಾಯಿಲೆಯಲ್ಲ. ತಿಂಗಳು ತಿಂಗಳು ಡಾಕ್ಟರ್ ಫೀಸು, ಮಾತ್ರೆಯ ದುಡ್ಡು. ಎರಡು ಜನರದ್ದು. ಶೂಟಿಂಗ್ ಇಲ್ಲದ ತಿಂಗಳು ಮೊದಲು ನನ್ನ ಮಾತ್ರೆ ನಿಲ್ಲಿಸುತ್ತೇನೆ, ಮಗನದು ನಿಲ್ಲಿಸುವುದಿಲ್ಲ. ಹಾಗೆ ನಿಲ್ಲಿಸಬಾರದು ಅಂತ ಡಾಕ್ಟರ್ ಹೇಳಿದ್ದಾರೆ. ಏನು ಮಾಡಲಿ?

ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯಲ್ಲಿ 21 ಬಗೆಯ ಅಂಗವೈಕಲ್ಯಗಳ ಪಟ್ಟಿ ಇದೆ. ಕಲಿಕಾ ನ್ಯೂನತೆ ಇದೆ, ಆಟಿಸಂ ಇದೆ. ಎಡಿಎಚ್‌ಡಿ ಹೆಸರು ಅದರಲ್ಲಿ ಇಲ್ಲ. ನನಗೆ ಪಿಂಚಣಿ ಬೇಡ, ಮೀಸಲಾತಿ ಬೇಡ. ಕೆಲಸದ ಜಾಗದಲ್ಲಿ ಒಂದು ಸಣ್ಣ ಅನುಕೂಲ ಕೇಳಿದರೆ ಅದನ್ನು ನಖರಾ ಅಂತ ಕರೆಯದ ಹಾಗೆ ಒಂದು ಸಾಲು ನಿಮ್ಮ ನಿಯಮಗಳಲ್ಲಿ ಇದ್ದರೆ ಸಾಕು. ಮಂಡಳಿಯ ನಿಯಮ ಬರೆಯಲು ನಿಮ್ಮ ಕೈಯಲ್ಲೇ ಪೆನ್ನಿದೆ. ದಿಲ್ಲಿಯವರೆಗೆ ಹೋಗಬೇಕಿಲ್ಲ.

ಇನ್ನೊಂದು, ಮಕ್ಕಳ ಕೋಣೆ. ಹೋದ ಬೇಸಿಗೆ ರಜೆಯಲ್ಲಿ ಅತ್ತೆಗೆ ಹುಷಾರಿರಲಿಲ್ಲ, ಗಂಡನಿಗೆ ರಜೆ ಸಿಗಲಿಲ್ಲ. ಮಗನನ್ನು ಸೆಟ್ಟಿಗೆ ಕರೆದುಕೊಂಡು ಹೋದೆ. ಮೇಕಪ್ ರೂಮಿನಲ್ಲಿ ಬಣ್ಣದ ಪೆನ್ಸಿಲ್ ಕೊಟ್ಟು ಕೂರಿಸಿದೆ. ಒಂದು ಗಂಟೆ ಕೂತ. ಅವನಿಗೆ ಒಂದು ಗಂಟೆ ಅಂದರೆ ದೊಡ್ಡ ಸಾಧನೆ. ಆಮೇಲೆ ಹೊರಗೆ ಬಂದ, ಲೈಟ್ ಸ್ಟ್ಯಾಂಡ್ ಮುಟ್ಟಿದ. ಬಿಸಿ ಇತ್ತು, ಕೈ ಸುಟ್ಟಿತು. ಯಾರೋ ಅವನಿಗೇ ಗದರಿದರು. ಅದೇ ಸೆಟ್ಟಿನಲ್ಲಿ ಅವನದೇ ವಯಸ್ಸಿನ ಬಾಲಕಲಾವಿದೆ ಒಬ್ಬಳಿದ್ದಳು. ಅವಳಿಗೆ ಕಾನೂನಿದೆ. ದಿನಕ್ಕೆ ಐದು ಗಂಟೆಗಿಂತ ಜಾಸ್ತಿ ಕೆಲಸ ಮಾಡಿಸಬಾರದು, ವಿಶ್ರಾಂತಿ ಕೊಡದೆ ಮೂರು ಗಂಟೆ ದಾಟಿಸಬಾರದು. ಒಳ್ಳೆಯ ಕಾನೂನು. ಆದರೆ ಅಮ್ಮನಿಗಾಗಿ ಕಾಯುತ್ತಾ ಕೂತ ಮಗುವಿನ ಬಗ್ಗೆ ಯಾರೂ ಏನೂ ಬರೆದಿಲ್ಲ. 50 ಜನ ಕೆಲಸ ಮಾಡುವ ಕಡೆ ಶಿಶುಪಾಲನಾ ಕೇಂದ್ರ ಇರಬೇಕು ಅಂತ 2017ರಲ್ಲಿ ಆಗಿನ ಹೆರಿಗೆ ಸೌಲಭ್ಯ ಕಾಯ್ದೆಗೆ ತಿದ್ದುಪಡಿ ಆಗಿತ್ತು. ನಮ್ಮ ಸೆಟ್ಟಿನಲ್ಲಿ ಅರವತ್ತು ಜನ ಇರುತ್ತೇವೆ. ಒಬ್ಬೊಬ್ಬರೂ ಒಂದೊಂದು ಲೆಕ್ಕದಲ್ಲಿ ಬಂದಿರುತ್ತೇವೆ. ಹಾಗಾಗಿ ಯಾರನ್ನು ಕೇಳಬೇಕು ಅಂತಲೂ ತಿಳಿಯುವುದಿಲ್ಲ. ಶೂಟಿಂಗ್ ಮನೆಗಳಿಗೆ ದಿನಬಾಡಿಗೆ ಕೊಡುತ್ತೀರಿ. ಅದರಲ್ಲಿ ಒಂದು ರೂಮು, ಒಂದು ಚಾಪೆ, ಒಬ್ಬ ಹೆಂಗಸಿಗೆ ದಿನಗೂಲಿ. ಹೇರ್ ಡ್ರೆಸರ್‌ಗಳ ಮಕ್ಕಳಿಗೂ, ಅಡುಗೆ ಮಾಡುವ ಅಕ್ಕಂದಿರ ಮಕ್ಕಳಿಗೂ ಅದು ಬೇಕು. ಅವರು ಈ ಪತ್ರ ಬರೆಯುವುದಿಲ್ಲ, ಅದಕ್ಕೇ ಅವರ ಪರವಾಗಿಯೂ ನಾನು ಕೇಳುತ್ತಿದ್ದೇನೆ.

ಈ ಪತ್ರ ಓದುವಾಗ ತಮ್ಮದೇ ಮಾರ್ಕ್ಸ್ ಕಾರ್ಡ್ ನೆನಪಾದವರು ಯಾರಾದರೂ ಇದ್ದರೆ, 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ. ಕನ್ನಡದಲ್ಲಿ ಮಾತಾಡುತ್ತಾರೆ, ದುಡ್ಡು ಕೇಳುವುದಿಲ್ಲ. ಎಲ್ಲಿಗೆ ಹೋಗಿ ತೋರಿಸಬೇಕು ಅಂತ ಹೇಳುತ್ತಾರೆ. ನಮ್ಮ ಮೇಕಪ್ ರೂಮಿನ ಕನ್ನಡಿಗೆ ಆ ನಂಬರನ್ನು ನಾನೇ ಅಂಟಿಸಿದ್ದೇನೆ.

ನಿರ್ಮಾಪಕರೇ, ಒಂದು ಮಾದರಿ ಹಾಳೆ ಮಾಡಿಟ್ಟಿದ್ದೇನೆ. ಒಂದೇ ಪುಟ. ಮೇಲೆ ತಾರೀಕು, ಸೆಟ್ಟಿನ ವಿಳಾಸ, ಬರಬೇಕಾದ ಹೊತ್ತು, ಮುಗಿಯಬಹುದಾದ ಹೊತ್ತು. ಕೆಳಗೆ ಸೀನ್ ನಂಬರ್, ಪಾತ್ರಗಳು, ಬಟ್ಟೆ, ಒಂದು ಸಾಲಿನಲ್ಲಿ ಸೀನಿನ ಭಾವ. ಕೊನೆಯಲ್ಲಿ ಬದಲಾದ ಮಾತು ಬರೆಯಲು ಖಾಲಿ ಜಾಗ. ನಮ್ಮ ಅಸೋಸಿಯೇಟ್ ಅದನ್ನೇ ಈಗ ಬಳಸುತ್ತಿದ್ದಾನೆ. ಅದರ ಖಾಲಿ ಪ್ರತಿಗಳನ್ನು ಕಲಾವಿದರ ವಾಟ್ಸ್ಆ್ಯಪ್ ಗ್ರೂಪುಗಳಿಗೆ ಈ ಪತ್ರದ ಜೊತೆಗೇ ಹಾಕುತ್ತಿದ್ದೇನೆ. ನಿಮ್ಮ ಸೆಟ್ಟಿನ ಯಾರಾದರೂ ಕಲಾವಿದರು ಅದನ್ನು ತುಂಬಿ ಕೊಡಿ ಅಂತ ನಾಳೆ ನಿಮ್ಮ ಮುಂದೆ ಹಿಡಿಯಬಹುದು. ಆಗ ಅವರಿಗೆ ಏನಾಗಿದೆ ಅಂತ ಕೇಳಬೇಡಿ. ಸುಮ್ಮನೆ ತುಂಬಿ ಕೊಡಿ.

ಇಂತಿ,
ನಿಮ್ಮ ಧಾರಾವಾಹಿಯ ಒಬ್ಬ ಅಮ್ಮ
ಬೆಂಗಳೂರು